ಅವರು ಬಂದು ಕೇಳಲಿ ಅಂತ ಕಾಯಬೇಡಿ

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನನ್ನ ಬಿಎ ಮೊದಲ ಸೆಮಿಸ್ಟರ್ ಕ್ಲಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ತಮ್ಮ ಮನೆಯಿಂದ ಕಾಲೇಜಿಗೆ ಬಂದ ಮೊದಲಿಗರು. ಒಬ್ಬ ಹುಡುಗ ತಾಂಡಾದಿಂದ ಬರುತ್ತಿದ್ದ. ಪಿಯುಸಿಯಲ್ಲಿ ಒಳ್ಳೇ ಅಂಕ. ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದ. ದೀಪಾವಳಿ ಆದಮೇಲೆ ಬರಲೇ ಇಲ್ಲ. ಫೋನ್ ಮಾಡಿದರೆ 'ಬರ್ತೀನ್ರೀ ಮೇಡಂ' ಅನ್ನುತ್ತಾನೆ, ಬರುವುದಿಲ್ಲ. ಸ್ಕಾಲರ್‌ಶಿಪ್‌ಗೂ ಅರ್ಜಿ ಹಾಕಿಲ್ಲ ಅಂತ ಈಗ ಗೊತ್ತಾಯಿತು. ಇಂಥ ಮಕ್ಕಳು ಏನನ್ನೂ ಬಾಯಿ ಬಿಟ್ಟು ಕೇಳುವುದಿಲ್ಲ. ಕೇಳಿದರೆ ತಾನೇ ಹೇಳೋದು? ನನ್ನಂಥ ಒಬ್ಬ ಉಪನ್ಯಾಸಕಿ ಏನು ಮಾಡಬಹುದು?

ಉತ್ತರ: 'ಕೇಳಿದರೆ ತಾನೇ ಹೇಳೋದು' ಅಂದಿರಿ. ಈ ಮಕ್ಕಳು ಕೇಳುವುದಿಲ್ಲ. ಕೇಳಲಿ ಅಂತ ಕಾಯುತ್ತ ಕೂತರೆ ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಅವರು ಕೇಳುವ ಮೊದಲೇ ನಾವು ಹೇಳಬೇಕು, ಅದೂ ಅವರ ಹತ್ತಿರ ಹೋಗಿ ಹೇಳಬೇಕು. ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಹೇಗೆ ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ಆ ಹುಡುಗನ ವಿಷಯಕ್ಕೆ ಬರುತ್ತೇನೆ, ಯಾಕಂದ್ರೆ ಅವನಿಗೆ ಸಮಯ ಕಡಿಮೆ ಇದೆ.

ದೀಪಾವಳಿ ಹೊತ್ತಿಗೆ ನಮ್ಮ ಕಡೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ತಾಂಡಾಗಳಿಂದ ಗ್ಯಾಂಗ್‌ಗಳು ಬಾಗಲಕೋಟೆ, ಬೆಳಗಾವಿ ಕಡೆಗೆ, ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೊರಡುತ್ತವೆ. ಮುಂಗಡ ಹಣ ಎಷ್ಟೋ ಮೊದಲೇ ಕೈಗೆ ಬಂದು ಖರ್ಚೂ ಆಗಿರುತ್ತದೆ. ಗಂಡ ಹೆಂಡತಿ ಜೋಡಿಯಾಗಿ ಕಡಿಯಬೇಕು. ಅವ್ವನಿಗೆ ಆರಾಮ ಇಲ್ಲ ಅಂದರೆ ಆ ಜಾಗಕ್ಕೆ ಮಗ ನಿಲ್ಲುತ್ತಾನೆ. ಇಲ್ಲವೇ ಅಪ್ಪ ಅವ್ವ ಇಬ್ಬರೂ ಹೋದಾಗ ಅಜ್ಜಿಯನ್ನೂ ತಮ್ಮ ತಂಗಿಯರನ್ನೂ ನೋಡಿಕೊಳ್ಳಲು ಊರಲ್ಲಿ ಉಳಿಯುತ್ತಾನೆ. ನಿಮ್ಮ ಹುಡುಗನದೂ ಇದೇ ಕತೆ ಇರಲಿಕ್ಕಿಲ್ಲ. ಆದರೆ ಓದಿನಲ್ಲಿ ಆಸಕ್ತಿ ಹೋಯಿತು ಅಂತ ತೀರ್ಮಾನಿಸುವ ಮೊದಲು ಇದನ್ನು ವಿಚಾರಿಸಿ. ಮೊದಲ ಸೆಮಿಸ್ಟರ್ ಪರೀಕ್ಷೆ ಬರುವುದೂ ಬಹುತೇಕ ಇದೇ ಹಂಗಾಮಿನ ನಡುವೆ ಅನ್ನುವುದು ಈ ಭಾಗದ ಮಕ್ಕಳ ದೊಡ್ಡ ಕಷ್ಟ.

ಫೋನ್ ಮಾಡಿದಾಗ 'ಯಾಕೆ ಬರ್ತಿಲ್ಲ' ಅಂತ ಕೇಳಬೇಡಿ. ಅದಕ್ಕೆ ಉತ್ತರ ಕೊಡಬೇಕಾದರೆ ಅವನು ಮನೆಯ ಬಡತನವನ್ನೆಲ್ಲ ನಿಮ್ಮ ಮುಂದೆ ಬಿಚ್ಚಿಡಬೇಕು. ಅದು ಅವನಿಂದ ಆಗುವುದಿಲ್ಲ, ಹಾಗಾಗಿ 'ಬರ್ತೀನ್ರೀ' ಅಂದು ಫೋನ್ ಇಡುತ್ತಾನೆ. ಬದಲಿಗೆ 'ಎಲ್ಲಿದ್ದೀಪಾ ಈಗ? ಮನ್ಯಾಗ ಯಾರ್ಯಾರು ಅದಾರ?' ಅಂತ ಶುರು ಮಾಡಿ. ಆಮೇಲೆ ಒಂದೇ ಒಂದು ಕೆಲಸದ ಮಾತು: 'ಪರೀಕ್ಷೆ ಅರ್ಜಿ ತುಂಬಿದ್ದೀಯಾ?' ತುಂಬಿಲ್ಲ ಅಂದರೆ 'ಮಂಗಳವಾರ ಹನ್ನೊಂದಕ್ಕೆ ಬಾ, ನಾನೇ ಕೂತು ತುಂಬಿಸ್ತೀನಿ' ಅಂತ ದಿನ, ಹೊತ್ತು ಹೇಳಿ. 'ಯಾವಾಗಾದ್ರೂ ಬಾ' ಅಂದರೆ ಅವನು ಬರುವುದಿಲ್ಲ. ಸಂಜೆ ಏಳರ ನಂತರ ಫೋನ್ ಮಾಡಿ. ಹಗಲು ಹೊಲದಲ್ಲಿದ್ದರೆ ಫೋನ್ ಕೈಯಲ್ಲಿ ಇರುವುದಿಲ್ಲ.

ಇನ್ನೊಂದು ಮಾತು ಅವನಿಗೆ ಹೇಳಲೇಬೇಕು. ಒಂದೆರಡು ವಿಷಯ ಉಳಿದರೆ ಕಾಲೇಜೇ ಮುಗಿಯಿತು ಅಂತ ಇಂಥ ಹುಡುಗರು ಅಂದುಕೊಂಡಿರುತ್ತಾರೆ. ಮನೆಯಲ್ಲಿ ಸೆಮಿಸ್ಟರ್ ಪದ್ಧತಿ ಕಂಡವರು ಯಾರೂ ಇಲ್ಲ, ಅವರಿಗೆ ಗೊತ್ತಿರುವುದು ಪಾಸು ಮತ್ತು ಫೇಲು ಎರಡೇ. ಉಳಿದ ವಿಷಯವನ್ನು ಮುಂದೆ ಬರೆದು ಮುಗಿಸಬಹುದು, ಕೊನೇ ದಿನಾಂಕ ದಾಟಿದರೆ ಸಾಮಾನ್ಯವಾಗಿ ದಂಡ ಕಟ್ಟಿ ಅರ್ಜಿ ಹಾಕಲು ಇನ್ನೂ ಕೆಲವು ದಿನ ಸಿಗುತ್ತದೆ ಅನ್ನುವುದನ್ನು ಬಿಡಿಸಿ ಹೇಳಿ. ಹಾಜರಾತಿ ಮಾತ್ರ ಬೇರೆ ಮಾತು. ಶೇ 75ರ ನಿಯಮ ಇದೆ. ಅವನದು ಎಷ್ಟಿದೆ, ಎಷ್ಟು ಕ್ಲಾಸ್ ಬಂದರೆ ದಡ ಸೇರುತ್ತಾನೆ ಅಂತ ನೀವೇ ಲೆಕ್ಕ ಹಾಕಿ, ಪ್ರಿನ್ಸಿಪಾಲರ ಹತ್ತಿರ ಮಾತಾಡಿಟ್ಟುಕೊಂಡು ಆಮೇಲೆ ಅವನಿಗೆ ಹೇಳಿ. 'ನಿನಗೆ ಇನ್ನೂ ದಾರಿ ಇದೆ, ಇಷ್ಟು ದಿನ ಬಂದರೆ ಸಾಕು' ಅನ್ನುವ ಲೆಕ್ಕ ಕೇಳಿದ ಹುಡುಗ ವಾಪಸ್ ಬರುವ ಸಾಧ್ಯತೆ ಜಾಸ್ತಿ.

ಈಗ ಇಡೀ ಕ್ಲಾಸಿನ ಮಾತು. ಇವರು ಯಾಕೆ ಕೇಳುವುದಿಲ್ಲ?

ಕೇಳಬೇಕಾದರೆ ಕೇಳಲು ಏನಿದೆ ಅಂತ ಗೊತ್ತಿರಬೇಕಲ್ವಾ? ಅಪ್ಪ ಮೇಷ್ಟ್ರಾಗಿದ್ದ ಮನೆಯ ಹುಡುಗಿಗೆ ಕಾಲೇಜು ಸೇರುವ ಮೊದಲೇ ಎಷ್ಟೋ ವಿಷಯ ಕಿವಿಗೆ ಬಿದ್ದಿರುತ್ತದೆ. ಇಂಟರ್ನಲ್ಸ್ ಅಂಕ ಹೇಗೆ ಕೂಡುತ್ತದೆ, ಸಿಲೆಬಸ್ ಪ್ರತಿ ಎಲ್ಲಿ ಸಿಗುತ್ತದೆ, ಹಳೇ ಪ್ರಶ್ನೆಪತ್ರಿಕೆ ಯಾರ ಹತ್ತಿರ ಇರುತ್ತದೆ, ಪಾಠ ಅರ್ಥ ಆಗದಿದ್ದರೆ ಸ್ಟಾಫ್ ರೂಮಿಗೆ ಹೋಗಬಹುದು. ಇದನ್ನು ಯಾರೂ ಅವಳಿಗೆ ಕೂರಿಸಿಕೊಂಡು ಕಲಿಸಿಲ್ಲ. ಊಟಕ್ಕೆ ಕೂತಾಗ, ಅಕ್ಕನ ಗೆಳತಿಯರು ಬಂದಾಗ ಸುಮ್ನೆ ಕೇಳಿಸಿಕೊಂಡಿದ್ದು. ಬನಹಟ್ಟಿಯ ನೇಕಾರರ ಮನೆಯ ಹುಡುಗಿಗೆ, ತಿಕೋಟಾ ಕಡೆ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುವವರ ಮಗನಿಗೆ ಇದು ಯಾವುದೂ ಗೊತ್ತಿರುವುದಿಲ್ಲ. ಅವರ ಮನೆಯ ಊಟದ ಹೊತ್ತಿನ ಮಾತು ಬೇರೆ: ಮಗ್ಗ, ನೂಲಿನ ರೇಟು, ಕೂಲಿ, ಸಾಲ. ಬುದ್ಧಿಯಲ್ಲಿ ಯಾವ ಕೊರತೆಯೂ ಇಲ್ಲ. ಕಾಲೇಜು ಮಾತ್ರ ಈ ವಿಷಯಗಳೆಲ್ಲ ಎಲ್ಲರಿಗೂ ಗೊತ್ತು ಅಂದುಕೊಂಡೇ ನಡೆಯುತ್ತದೆ.

ಜೊತೆಗೆ ನಮ್ಮ ಮನೆಗಳಲ್ಲಿ ಕಲಿಸುವ ಮರ್ಯಾದೆಯೂ ಇದೆ. ದೊಡ್ಡವರಿಗೆ ತೊಂದರೆ ಕೊಡಬಾರದು, ಅವರ ಮುಂದೆ ಜಾಸ್ತಿ ಮಾತಾಡಬಾರದು, ತನ್ನ ಕಷ್ಟ ತಾನೇ ನೀಗಿಸಿಕೊಳ್ಳಬೇಕು. ಈ ಸಂಸ್ಕಾರ ಹೊತ್ತು ಬಂದ ಮಗು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಒಳಗೆ ನಾಲ್ಕು ಜನ ಮಾತಾಡುತ್ತಿರುವುದು ನೋಡಿ, ಹಾಗೇ ತಿರುಗಿ ಹೋಗುತ್ತದೆ. ಅದನ್ನು ನಾವು ಅಂಜುಬುರುಕುತನ ಅನ್ನುತ್ತೇವೆ. ಅದು ಗೌರವ.

ಇದರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ನಿಕೋಲ್ ಸ್ಟೀಫನ್ಸ್ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ್ದು. ಒಂದು ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಸೀನಿಯರ್‌ಗಳ ಮಾತು ಕೇಳಿಸಿದರು. ಸುಮಾರು ಒಂದು ಗಂಟೆಯ ಕಾರ್ಯಕ್ರಮ. ಒಂದು ಗುಂಪಿಗೆ ಸೀನಿಯರ್‌ಗಳು ಬರೀ ಸಲಹೆ ಕೊಟ್ಟರು: ಚೆನ್ನಾಗಿ ಓದಿ, ಪ್ರೊಫೆಸರ್‌ಗಳನ್ನು ಕಂಡು ಮಾತಾಡಿ, ಹೀಗೆ. ಇನ್ನೊಂದು ಗುಂಪಿಗೆ ಅದೇ ಸಲಹೆಯನ್ನು ತಮ್ಮ ಮನೆಯ ಕತೆಯೊಂದಿಗೆ ಹೇಳಿದರು: ನಮ್ಮ ಮನೆಯಲ್ಲಿ ಕಾಲೇಜು ಓದಿದವರಿಲ್ಲ, ಹಾಗಾಗಿ ನನಗೆ ಇಂಥಲ್ಲಿ ಕಷ್ಟವಾಯಿತು, ಆಗ ನಾನು ಇಂಥವರನ್ನು ಕೇಳಿದೆ. ವರ್ಷದ ಕೊನೆಗೆ ನೋಡಿದರೆ, ಮೊದಲ ತಲೆಮಾರಿನ ಮಕ್ಕಳಿಗೂ ಉಳಿದವರಿಗೂ ಅಂಕಗಳಲ್ಲಿ ಇರುತ್ತಿದ್ದ ಅಂತರ ಎರಡನೇ ಗುಂಪಿನಲ್ಲಿ ಶೇ 63ರಷ್ಟು ಕಡಿಮೆಯಾಗಿತ್ತು. ಆ ಮಕ್ಕಳು ಕಾಲೇಜಿನಲ್ಲಿ ಸಿಗುವ ಸಹಾಯವನ್ನು ಜಾಸ್ತಿ ಬಳಸಿಕೊಂಡಿದ್ದರು. ಅದು ಒಂದೇ ವಿಶ್ವವಿದ್ಯಾಲಯದ ಮಾತು, ನಮ್ಮಲ್ಲೂ ಅಷ್ಟೇ ಆಗುತ್ತದೆ ಅಂತ ಹೇಳುವ ಹಾಗಿಲ್ಲ. ಆದರೆ ಇದಕ್ಕೆ ದುಡ್ಡು ಬೇಕಿಲ್ಲ, ಕಟ್ಟಡ ಬೇಕಿಲ್ಲ. ಒಂದು ಗಂಟೆ ಸಾಕು. ಮಾಡಿ ನೋಡಲು ಅಡ್ಡಿ ಏನಿದೆ?

ನೀವು ಮಾಡುವುದಾದರೆ ರ‍್ಯಾಂಕ್ ಬಂದವರನ್ನು ಕರೆಯಬೇಡಿ. ಮೂರನೇ ವರ್ಷದಲ್ಲಿ ಓದುತ್ತಿರುವ, ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಉಳಿಸಿಕೊಂಡು ಆಮೇಲೆ ಎದ್ದು ನಿಂತ ಹುಡುಗನನ್ನು ಕರೆಯಿರಿ. ದಿನಾ ದೂರದ ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವ ಹುಡುಗಿಯನ್ನು ಕರೆಯಿರಿ. ವೇದಿಕೆ, ಶಾಲು, ಹಾರ ಏನೂ ಬೇಡ. ಕ್ಲಾಸಿನಲ್ಲೇ ಕೂರಿಸಿ. ಹೇಳುವವರಿಗೆ ಮೂರು ಪ್ರಶ್ನೆ ಮೊದಲೇ ಕೊಡಿ. ಮೊದಲ ತಿಂಗಳಲ್ಲಿ ಯಾವುದು ತಿಳಿಯಲಿಲ್ಲ? ಯಾರನ್ನು ಕೇಳಿದೆ? ಅವರು ಏನು ಮಾಡಿದರು? ಎರಡನೆಯದು ಎಲ್ಲಕ್ಕಿಂತ ಮುಖ್ಯ. 'ಕಷ್ಟಪಟ್ಟೆ, ಗೆದ್ದೆ' ಅನ್ನುವ ಕತೆಯಿಂದ ಕೂತವರಿಗೆ ಏನೂ ಸಿಗುವುದಿಲ್ಲ. 'ಲೈಬ್ರರಿ ಕಾರ್ಡ್ ಮಾಡಿಸೋದು ಗೊತ್ತಿರ್ಲಿಲ್ಲ, ಅಟೆಂಡರ್ ಕಾಕಾನ್ನ ಕೇಳಿದೆ, ಅಂವಾ ಕರ್ಕೊಂಡು ಹೋಗಿ ಮಾಡಿಸಿ ಕೊಟ್ಟ' ಅನ್ನುವ ಮಾತಿನಿಂದ ಮರುದಿನವೇ ನಾಲ್ಕು ಜನ ಲೈಬ್ರರಿಗೆ ಹೋಗುತ್ತಾರೆ. ಯುಜಿಸಿ 2019ರಲ್ಲಿ ದೀಕ್ಷಾರಂಭ ಅನ್ನುವ ಹೆಸರಿನಲ್ಲಿ ಹೊಸ ವಿದ್ಯಾರ್ಥಿಗಳ ಪರಿಚಯ ಕಾರ್ಯಕ್ರಮಕ್ಕೆ ಮಾರ್ಗಸೂಚಿ ತಂದಿದೆ. ನಿಮ್ಮ ಕಾಲೇಜಿನಲ್ಲೂ ಅಂಥ ಕಾರ್ಯಕ್ರಮ ನಡೆಯುತ್ತಿದ್ದರೆ ಅದರಲ್ಲಿ ಒಂದು ಗಂಟೆಯನ್ನು ಇದಕ್ಕೆ ಕೇಳಿಕೊಳ್ಳಿ.

ಒಂದು ಎಚ್ಚರಿಕೆ. 'ಯಾರ ಮನೆಯಲ್ಲಿ ಯಾರೂ ಓದಿಲ್ಲ, ಕೈ ಎತ್ತಿ' ಅಂತ ಕ್ಲಾಸಿನಲ್ಲಿ ಕೇಳಬೇಡಿ. ಸ್ಕಾಲರ್‌ಶಿಪ್ ಪಟ್ಟಿಯನ್ನು ಜಾತಿವಾರು ಓದುವುದೂ ಬೇಡವೇ ಬೇಡ. ಒಂದು ಚೀಟಿಯಲ್ಲಿ ಎಲ್ಲರಿಂದಲೂ ನಾಲ್ಕು ವಿಷಯ ಬರೆಸಿಕೊಳ್ಳಿ: ಮನೆಯಿಂದ ಕಾಲೇಜಿಗೆ ಬಂದವರಲ್ಲಿ ನೀನು ಎಷ್ಟನೆಯವನು, ಎಷ್ಟು ದೂರದಿಂದ ಬರುತ್ತೀ, ಕಾಲೇಜು ಬಿಟ್ಟಮೇಲೆ ಏನು ಕೆಲಸ ಮಾಡುತ್ತೀ, ಫೋನ್ ನಿನ್ನದೋ ಮನೆಯದೋ. ಈ ಚೀಟಿಗಳು ನಿಮ್ಮ ಹತ್ತಿರ ಮಾತ್ರ ಇರಲಿ. ಯಾರ ಮೇಲೆ ಕಣ್ಣಿಡಬೇಕು ಅಂತ ಮೊದಲ ವಾರವೇ ತಿಳಿಯುತ್ತದೆ.

ಇನ್ನು ದುಡ್ಡಿನ ಮಾತು. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮಕ್ಕಳು ಕಾಲೇಜು ಬಿಡುವುದಕ್ಕೆ ಪಾಠ ಕಷ್ಟ ಅನ್ನುವುದಕ್ಕಿಂತ ಇದೇ ಹೆಚ್ಚು ಸಲ ಕಾರಣವಾಗಿರುವುದನ್ನು ನೋಡಿದ್ದೇನೆ.

ಸೌಲಭ್ಯಗಳು ಇಲ್ಲ ಅಂತಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್ ಇದೆ. ಹಿಂದುಳಿದ ವರ್ಗದ, ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿಯಲ್ಲಿ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡುವ ಯೋಜನೆ ಇದೆ. ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಅಂತ ನಿಗದಿ ಮಾಡಿದ್ದರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಅಪ್ಪನಿಗೋ ಅವ್ವನಿಗೋ ಇದ್ದರೆ ಅಲ್ಲಿಂದಲೂ ಮಕ್ಕಳ ಓದಿಗೆ ಸಹಾಯಧನ ಇದೆ. ಪಿಯುಸಿಯಲ್ಲಿ ತುಂಬಾ ಒಳ್ಳೇ ಅಂಕ ಇದ್ದು, ಮನೆಯ ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದರೆ ಕೇಂದ್ರದ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ವರ್ಷಕ್ಕೆ 12,000 ರೂಪಾಯಿಯ ವಿದ್ಯಾರ್ಥಿವೇತನಕ್ಕೆ ಪ್ರಯತ್ನ ಮಾಡಬಹುದು. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿ ಬಂದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವರು ವರ್ಷಕ್ಕೆ 30,000 ರೂಪಾಯಿ ಕೊಡುತ್ತಾರೆ. ಯೋಜನೆಗಳ ನಿಯಮ ವರ್ಷ ವರ್ಷ ಬದಲಾಗುತ್ತವೆ, ಒಂದು ತಗೊಂಡರೆ ಇನ್ನೊಂದು ಸಿಗದೆ ಹೋಗಬಹುದು. ಆಯಾ ವರ್ಷದ ಪ್ರಕಟಣೆ ನೋಡಿಯೇ ಮಕ್ಕಳಿಗೆ ಹೇಳಿ.

ದುಡ್ಡು ಕೈಗೆ ಬಾರದೆ ಹೋಗುವುದು ದಾಖಲೆಗಳ ನಡುವೆ. ನಮ್ಮ ಕಡೆ ಹೆಸರುಗಳನ್ನೇ ನೋಡಿ. ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ಭಾಗ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮೂರೂ ಇರುತ್ತದೆ. ಆಧಾರ್‌ನಲ್ಲಿ ಎರಡೇ ಇರುತ್ತದೆ, ಅಥವಾ ಅಡ್ಡಹೆಸರಿನ ಅಕ್ಷರ ಬೇರೆ ಇರುತ್ತದೆ. ಅರ್ಜಿ ಅಲ್ಲೇ ನಿಲ್ಲುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಪದವಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ. ಅದನ್ನು ಮತ್ತೆ ಮಾಡಿಸಲು ನಾಡಕಚೇರಿಗೆ ಹೋಗಬೇಕು, ಅಪ್ಪ ಕಬ್ಬಿನ ಗದ್ದೆಯಲ್ಲಿದ್ದಾನೆ. ರೈತರ ಮಕ್ಕಳ ಯೋಜನೆಗೆ ತಂದೆ ಅಥವಾ ತಾಯಿಯ ಫ್ರೂಟ್ಸ್ ನಂಬರ್, ಅಂದರೆ ಸರ್ಕಾರದಲ್ಲಿ ರೈತರಾಗಿ ನೋಂದಾಯಿಸಿದ ನಂಬರ್ ಬೇಕು. ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಆ ನಂಬರ್ ಎಲ್ಲಿಂದ ಬರಬೇಕು?

ಎಲ್ಲಕ್ಕಿಂತ ಜಾಸ್ತಿ ಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಬ್ಯಾಂಕ್ ಖಾತೆಯಲ್ಲಿ. ಮಂಜೂರಾಗಿದೆ ಅಂತ ಪೋರ್ಟಲ್ ಹೇಳುತ್ತದೆ, ಪಾಸ್‌ಬುಕ್‌ನಲ್ಲಿ ಏನೂ ಇಲ್ಲ. ಹುಡುಗಿ ಬ್ಯಾಂಕಿಗೆ ಹೋಗುತ್ತಾಳೆ, ಅವರು 'ಆಧಾರ್ ಲಿಂಕ್ ಆಗಿದೆ, ಕಾಲೇಜಲ್ಲಿ ಕೇಳು' ಅನ್ನುತ್ತಾರೆ. ಕಾಲೇಜಿನಲ್ಲಿ 'ಬ್ಯಾಂಕಲ್ಲಿ ಕೇಳು' ಅನ್ನುತ್ತಾರೆ. ಮೂರನೇ ಸಲಕ್ಕೆ ಅವಳು ಕೈಬಿಡುತ್ತಾಳೆ. ಆಗಿರುವುದು ಇಷ್ಟು: ಖಾತೆಗೆ ಆಧಾರ್ ನಂಬರ್ ಸೇರಿಸುವುದು ಒಂದು, ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಬರಬೇಕು ಅಂತ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ ದಾಖಲಾಗುವುದು ಇನ್ನೊಂದು. ಆ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಬ್ಯಾಂಕ್. ಯಾವುದು ಕೊನೆಗೆ ಜೋಡಣೆಯಾಗಿದೆಯೋ ಅದಕ್ಕೇ ದುಡ್ಡು ಹೋಗುತ್ತದೆ. ಹೈಸ್ಕೂಲಿನಲ್ಲಿದ್ದಾಗ ಯಾರೋ ತೆರೆಸಿಕೊಟ್ಟ, ಈಗ ಪಾಸ್‌ಬುಕ್ಕೂ ಇಲ್ಲದ ಖಾತೆಗೆ ಅವಳ ದುಡ್ಡು ಬಂದು ಬಿದ್ದಿರುವ ಸಾಧ್ಯತೆ ಇದೆ. ಮೈಆಧಾರ್ ಪೋರ್ಟಲ್‌ಗೆ ಹೋಗಿ, ಮೊಬೈಲಿಗೆ ಬಂದ ಓಟಿಪಿ ಹಾಕಿ, ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಯಾವ ಬ್ಯಾಂಕ್ ಅಂತ ಬರುತ್ತದೆ. ಐದು ನಿಮಿಷದ ಕೆಲಸ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಈಗಲೂ ಚಾಲ್ತಿಯಲ್ಲಿ ಇರಬೇಕು, ಅಷ್ಟೇ. ಇಲ್ಲದಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಅದನ್ನು ಸರಿ ಮಾಡಿಸಬೇಕು.

ಇದನ್ನೆಲ್ಲ ನೋಟಿಸ್ ಬೋರ್ಡಿಗೆ ಹಚ್ಚಿದರೆ ಆಗುವುದಿಲ್ಲ. ಪ್ರವೇಶ ನಡೆಯುವ ಮೊದಲ ಎರಡು ವಾರ ಕಾಲೇಜಿನ ವರಾಂಡದಲ್ಲಿ ಒಂದು ಟೇಬಲ್ ಹಾಕಿ. ಇಬ್ಬರು ಸೀನಿಯರ್ ವಿದ್ಯಾರ್ಥಿಗಳು, ಒಂದು ಕಂಪ್ಯೂಟರ್. ಪ್ರವೇಶಕ್ಕೆ ಬಂದವರೆಲ್ಲ ಆ ಟೇಬಲ್ ದಾಟಿಯೇ ಹೋಗಬೇಕು, ಸ್ಕಾಲರ್‌ಶಿಪ್ ಬೇಕೋ ಬೇಡವೋ ಅಂತ ಯಾರನ್ನೂ ಕೇಳುವುದೇ ಬೇಡ. ಎಲ್ಲರದೂ ಹೆಸರು ತಾಳೆ ನೋಡಿ, ಆದಾಯ ಪತ್ರದ ದಿನಾಂಕ ನೋಡಿ, ಬ್ಯಾಂಕ್ ನೋಡಿ. ಎಲ್ಲರಿಗೂ ಮಾಡಿದರೆ ಯಾರಿಗೂ ನಾಚಿಕೆ ಆಗುವುದಿಲ್ಲ. ಇಂಥ ಟೇಬಲ್ಲಿನ ಮುಂದೆ ನಿಂತ ತಂದೆಯೊಬ್ಬರು ಮಡಚಿ ಮಡಚಿ ಹರಿದ ಪ್ಲಾಸ್ಟಿಕ್ ಚೀಲದಿಂದ ಒಂದೊಂದೇ ಕಾಗದ ತೆಗೆದು ಇಟ್ಟಿದ್ದು ನನಗೆ ನೆನಪಿದೆ. ಪಡಿತರ ಚೀಟಿ, ಕರೆಂಟ್ ಬಿಲ್, ಮಗಳ ಲಸಿಕೆ ಕಾರ್ಡ್ ಎಲ್ಲಾ ಇತ್ತು. ಯಾವುದು ಬೇಕೋ ಗೊತ್ತಿಲ್ಲ ಅಂತ ಮನೆಯಲ್ಲಿದ್ದ ಎಲ್ಲ ಕಾಗದ ತಂದಿದ್ದರು. ಟೇಬಲ್ಲಿನಲ್ಲಿದ್ದ ಹುಡುಗ ಬೇಕಾದ ಮೂರನ್ನು ಆರಿಸಿ, ಉಳಿದವನ್ನು ಜೋಡಿಸಿ ವಾಪಸ್ ಕೊಟ್ಟ. 'ಇವು ಮೂರು ಯಾವತ್ತೂ ಒಂದೇ ಕಡೆ ಇಡ್ರಿ' ಅಂದ. ಆ ಹುಡುಗನೂ ಅಂಥದೇ ಮನೆಯಿಂದ ಬಂದವನು.

ಪಾಠದ ವಿಷಯಕ್ಕೆ ಬರೋಣ. ಬಿಎ ಮಕ್ಕಳು ಕನ್ನಡದಲ್ಲೇ ಬರೆಯುತ್ತಾರೆ, ಆದರೂ ಅಂಕ ಬರುವುದಿಲ್ಲ. ಯಾಕೆ ಅಂತ ಉತ್ತರಪತ್ರಿಕೆ ತೆಗೆದು ನೋಡಿ. 'ಸಂವಿಧಾನದ ಪ್ರಸ್ತಾವನೆಯ ಮಹತ್ವವನ್ನು ವಿವರಿಸಿ', 10 ಅಂಕ. ಹುಡುಗ ಐದು ಸಾಲು ಬರೆದಿರುತ್ತಾನೆ. ಐದೂ ಸರಿ ಇರುತ್ತವೆ. ಎರಡೂವರೆ ಅಂಕ. ವಿಷಯ ಗೊತ್ತು, 10 ಅಂಕಕ್ಕೆ ಎಷ್ಟು ಬರೆಯಬೇಕು ಅಂತ ಗೊತ್ತಿಲ್ಲ. 'ವಿವರಿಸಿ' ಅಂದರೆ ನಮಗೆ ಏನು ಬೇಕು ಅಂತ ನಾವು ಯಾವತ್ತೂ ಹೇಳಿಲ್ಲ. ಒಳ್ಳೆಯ ಅಂಕ ಬಂದ ಹಳೆಯ ಇಂಟರ್ನಲ್ಸ್ ಉತ್ತರವೊಂದನ್ನು ಹೆಸರು ಮುಚ್ಚಿ ಜೆರಾಕ್ಸ್ ಮಾಡಿಸಿ, ಎಲ್ಲರ ಕೈಗೂ ಕೊಡಿ. ಒಟ್ಟಿಗೆ ಓದಿ. ಇಲ್ಲಿ ಪೀಠಿಕೆ ಇದೆ, ಇಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಒಂದೊಂದಾಗಿ ಬಿಡಿಸಿ ಬರೆದಿದ್ದಾನೆ, ಇಲ್ಲಿ 1976ರ 42ನೇ ತಿದ್ದುಪಡಿಯಲ್ಲಿ ಯಾವ ಪದಗಳು ಸೇರಿದವು ಅಂತ ಹೇಳಿದ್ದಾನೆ, ಅದಕ್ಕೇ ಎಂಟು ಅಂಕ ಬಂತು ಅಂತ ತೋರಿಸಿ. ಆಮೇಲೆ ಆ ಐದು ಸಾಲಿನ ಉತ್ತರಕ್ಕೆ ಅವರಿಂದಲೇ ಅಂಕ ಹಾಕಿಸಿ. ಒಂದು ಪೀರಿಯಡ್ ಸಾಕು. ಸೆಮಿಸ್ಟರ್‌ನ ಎರಡನೇ ತಿಂಗಳೊಳಗೆ ಇದು ಆಗಿಬಿಡಲಿ.

ಬಿಎಸ್‌ಸಿ, ಬಿಕಾಂ ಮಕ್ಕಳಿಗೆ ಇಂಗ್ಲಿಷಿನ ಭಯ ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಪ್ರತಿ ಅಧ್ಯಾಯದ ಮುಖ್ಯ ಪದಗಳನ್ನು ಎರಡೂ ಭಾಷೆಯಲ್ಲಿ ಬರೆಸಿ. ಪ್ರಶ್ನೆ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡಿ. ಗಡಿ ಕಡೆಯ ಮಕ್ಕಳು ಮರಾಠಿ ಬೆರೆಸಿ ಕೇಳಿದರೂ ತಪ್ಪಿಲ್ಲ. ವಿಷಯ ತಿಳಿದರೆ ಭಾಷೆ ನಿಧಾನಕ್ಕೆ ಹತ್ತುತ್ತದೆ.

ಹುಡುಗಿಯರ ವಿಷಯದಲ್ಲಿ ಬಸ್ಸಿನ ವೇಳಾಪಟ್ಟಿಯನ್ನು ನೋಡದೆ ಏನೂ ಮಾಡಲಾಗದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಟಿಕೆಟ್ಟಿನ ಚಿಂತೆ ಹೋಯಿತು. ಊರಿಗೆ ಕೊನೇ ಬಸ್ಸು ನಾಲ್ಕೂವರೆಗೆ ಅನ್ನುವ ಚಿಂತೆ ಹಾಗೇ ಇದೆ. ಕಾಲೇಜು ಬಿಟ್ಟಮೇಲೆ ಇಡುವ ವಿಶೇಷ ತರಗತಿ, ಸಂಜೆ ತೆರೆದಿರುವ ಲೈಬ್ರರಿ ಇವರಿಗೆ ಸಿಗುವುದೇ ಇಲ್ಲ. ಅವರಿಗಾಗಿ ಏನು ಮಾಡಿದರೂ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರೊಳಗೆ ಮಾಡಿ. ಮನೆಯಲ್ಲಿ ಮದುವೆ ಮಾತು ಶುರುವಾಗಿದ್ದರೆ ಹುಡುಗಿಯ ಹಾಜರಾತಿ ಮೊದಲು ಕುಸಿಯುತ್ತದೆ, ಅದನ್ನು ಗಮನಿಸಿ. ಅವರ ಊರಿನ ಹತ್ತಿರವೇ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿನಿ, ಅಂಗನವಾಡಿಯವರಾಗಲಿ, ಟೀಚರ್ ಆಗಲಿ, ಮನೆಗೆ ಹೋಗಿ ಅವ್ವನ ಜೊತೆ ಕೂತು ಮಾತಾಡಿದರೆ ನಿಮ್ಮ ಹತ್ತು ಫೋನಿಗಿಂತ ಜಾಸ್ತಿ ಕೆಲಸ ಆಗುತ್ತದೆ. ವಿಜಯಪುರದಲ್ಲೇ 2003ರಿಂದ ಮಹಿಳಾ ವಿಶ್ವವಿದ್ಯಾಲಯ ಇದೆ. ಮಗಳು ಮುಂದೆ ಎಂಎ ಓದಲು ಧಾರವಾಡದಷ್ಟು ದೂರ ಹೋಗಬೇಕಿಲ್ಲ ಅನ್ನುವುದು ಎಷ್ಟೋ ಮನೆಗಳಿಗೆ ಈಗಲೂ ಗೊತ್ತಿಲ್ಲ.

ತಂದೆ ತಾಯಿಯರನ್ನು ದೂರ ಇಡಬೇಡಿ. 'ಓದಿಲ್ಲದವರು, ಅವರಿಗೇನು ತಿಳಿಯುತ್ತೆ' ಅನ್ನುವ ಮಾತು ನನಗೆ ತುಂಬಾ ನೋವು ಕೊಡುತ್ತದೆ. ಮಗನನ್ನು ಕಾಲೇಜಿಗೆ ಕಳಿಸಬೇಕು ಅಂತ ನಿರ್ಧಾರ ಮಾಡಿದವರೇ ಅವರು. ಒಬ್ಬ ದುಡಿಯುವ ಮಗನ ಕೂಲಿಯನ್ನು ಮೂರು ವರ್ಷ ಬಿಟ್ಟುಕೊಟ್ಟವರು. ಅವರಿಗೆ ಬೇಕಿರುವುದು ಮಾಹಿತಿ. ವಾರದ ಮಧ್ಯದಲ್ಲಿ ಹಗಲು ಹೊತ್ತು ಪಾಲಕರ ಸಭೆ ಕರೆದರೆ ಒಂದು ದಿನದ ಕೂಲಿ ಹೋಗುತ್ತದೆ, ಹಾಗಾಗಿ ಬರುವುದಿಲ್ಲ. ರಾತ್ರಿ ಎಂಟಕ್ಕೆ ಒಂದು ಫೋನ್ ಮಾಡಿ ಎರಡು ವಿಷಯ ಹೇಳಿ: ಪರೀಕ್ಷೆ ಯಾವ ತಿಂಗಳು, ಅದಕ್ಕೆ ಮೊದಲ ಮೂರು ವಾರ ಹುಡುಗನನ್ನು ಕೆಲಸಕ್ಕೆ ಕರೆಯಬೇಡಿ. ಇಡೀ ವರ್ಷ ಕರೆಯಬೇಡಿ ಅಂದರೆ ಅವರಿಂದ ಆಗದ ಮಾತು. ಮೂರು ವಾರ ಅಂದರೆ ಎಷ್ಟೋ ಮನೆಗಳಲ್ಲಿ ಒಪ್ಪುತ್ತಾರೆ.

ಈ ಮಕ್ಕಳ ಮನಸ್ಸಿನಲ್ಲಿ ಒಂದು ಭಾರ ಇರುತ್ತದೆ. ಅಪ್ಪ ಅವ್ವ ಬಿಸಿಲಲ್ಲಿ ಇದ್ದಾರೆ, ನಾನು ಫ್ಯಾನಿನ ಕೆಳಗೆ ಕೂತಿದ್ದೇನೆ. ಫೇಲಾದಾಗ ಈ ಭಾರ ಇನ್ನೂ ಹೆಚ್ಚುತ್ತದೆ, ಮನೆಯವರಿಗೆ ಮುಖ ತೋರಿಸಲಾರದೆ ಒದ್ದಾಡುತ್ತಾರೆ. ಫಲಿತಾಂಶ ಬಂದ ದಿನ ನೀವು ಮೊದಲು ಫೋನ್ ಮಾಡಬೇಕಾದ್ದು ಫೇಲಾದವರಿಗೆ. ಯಾರಾದರೂ ತೀರಾ ಕುಗ್ಗಿದ್ದಾರೆ ಅನ್ನಿಸಿದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರನ್ನು ಎಲ್ಲರ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಸಿಡಿ.

ಕೊನೆಗೆ ನಿಮ್ಮ ಬಗ್ಗೆ. ನೀವು ಅತಿಥಿ ಉಪನ್ಯಾಸಕಿ. ನಿಮ್ಮ ಕೆಲಸಕ್ಕೇ ಭದ್ರತೆ ಇಲ್ಲದಿರುವಾಗ ಇಷ್ಟೆಲ್ಲ ಮಾಡಿ ಅಂತ ಹೇಳುವುದು ಸುಲಭ, ಮಾಡುವುದು ಕಷ್ಟ ಅಂತ ನನಗೆ ಗೊತ್ತು. ಎಲ್ಲವನ್ನೂ ಒಬ್ಬರೇ ಹೊರಬೇಡಿ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಸಲುವಾಗಿ ಕಾಲೇಜುಗಳಲ್ಲಿ ಮೆಂಟರ್ ರಿಜಿಸ್ಟರ್ ಇಡುತ್ತಾರೆ, ಒಬ್ಬೊಬ್ಬ ಅಧ್ಯಾಪಕರಿಗೆ ಇಷ್ಟಿಷ್ಟು ವಿದ್ಯಾರ್ಥಿಗಳು ಅಂತ. ನಿಮ್ಮಲ್ಲಿ ಆ ಹಂಚಿಕೆ ಆಗಿದ್ದರೆ ಅದನ್ನೇ ಬಳಸಿ. ಎರಡು ದಿನ ಸತತವಾಗಿ ಬಾರದವರಿಗೆ ಆಯಾ ಮೆಂಟರ್ ಫೋನ್ ಮಾಡುವುದು ಅಂತ ಒಂದೇ ಒಂದು ನಿಯಮ ಮಾಡಿಕೊಂಡರೂ ಸಾಕು. ಎರಡು ತಿಂಗಳು ಕಳೆದಮೇಲೆ ಕರೆತರುವುದಕ್ಕಿಂತ ಎರಡನೇ ದಿನ ಕರೆತರುವುದು ಸುಲಭ. ಈ ವರ್ಷ ಉಳಿದ ಸೆಮಿಸ್ಟರ್‌ಗೆ ಉತ್ತರಪತ್ರಿಕೆಯ ಪೀರಿಯಡ್ ಮತ್ತು ಈ ಫೋನ್ ನಿಯಮ, ಎರಡೇ ಮಾಡಿ. ಸೀನಿಯರ್‌ಗಳ ಮಾತು, ವರಾಂಡದ ಟೇಬಲ್ ಮುಂದಿನ ವರ್ಷಕ್ಕಿರಲಿ. ಟೇಬಲ್ಲಿಗೆ ಜಾಗ, ಇಂಟರ್ನೆಟ್, ಒಂದು ಪ್ರಿಂಟರ್ ಬೇಕು ಅಂತ ಪ್ರವೇಶ ಶುರುವಾಗುವುದಕ್ಕೆ ಒಂದು ತಿಂಗಳು ಮೊದಲೇ ಪ್ರಿನ್ಸಿಪಾಲರಿಗೆ ಬರೆದು ಕೊಡಿ. ಟೇಬಲ್ಲಿನಲ್ಲಿ ಕೂರುವ ಇಬ್ಬರು ಸೀನಿಯರ್‌ಗಳಿಗೆ ಮಧ್ಯಾಹ್ನದ ಊಟದ ವ್ಯವಸ್ಥೆಯನ್ನೂ ಅದರಲ್ಲೇ ಕೇಳಿ.